ಎಲ್ಲ ರೀಫಿಲ್ಲಿಗೂ ಒಂದೇ ಪೆನ್ನು: ಮೂತಿಯ ಅಳತೆ, ಪೀಣ್ಯದಲ್ಲಿ ಮಾಡಿಸಿದ ಬುಷ್

2011ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಸಿಡಬ್ಲ್ಯು ಅಂಡ್ ಟಿ ಎಂಬ ಇಬ್ಬರ ಸ್ಟುಡಿಯೊ, ಜನರಿಂದ ಮುಂಗಡ ಹಣ ಕೂಡಿಸುವ ಜಾಲತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಒಂದು ಸ್ಟೀಲ್ ಪೆನ್ನನ್ನು ಮುಂದಿಟ್ಟಿತು. ಹೆಸರು ಪೆನ್ ಟೈಪ್-ಎ. ಅವರು ಕೇಳಿದ್ದು 2,500 ಡಾಲರ್. ಜನ ಕೊಟ್ಟದ್ದು 2.8 ಲಕ್ಷ ಡಾಲರಿಗೂ ಮಿಕ್ಕಿ. ಪೈಲಟ್ ಕಂಪನಿಯ ಹೈ-ಟೆಕ್-ಸಿ ಎಂಬ ಸೂಜಿಮೊನೆಯ ಜೆಲ್ ರೀಫಿಲ್ಲಿಗೆ ಗಟ್ಟಿಮುಟ್ಟಾದ ಮೈ ಕೊಡಬೇಕೆಂಬ ಒಂದೇ ಆಸೆಯಿಂದ ಹುಟ್ಟಿದ ಪೆನ್ನು ಅದು. ಅದರ ಬೆನ್ನಿಗೇ ಲೋಹದ ಪೆನ್ನುಗಳು ಸಾಲುಸಾಲಾಗಿ ಬಂದವು. ಅರಿಜೋನಾದ ಕರಾಸ್ ಕಸ್ಟಮ್ಸ್‌ನ ರೆಂಡರ್ ಕೆ, ಟೆಕ್ಸಾಸಿನ ಟ್ಯಾಕ್ಟೈಲ್ ಟರ್ನ್‌ನ ಮೂವರ್ ಮತ್ತು ಶೇಕರ್, ಆಮೇಲೆ 2016ರಲ್ಲಿ ಬಿಗ್ ಐಡಿಯಾ ಡಿಸೈನ್‌ನ ಟೈ ಆರ್ಟೊ. ಟೈ ಆರ್ಟೊ ಬರುವ ಹೊತ್ತಿಗೆ ಮಾತಿನ ಧಾಟಿಯೇ ಬದಲಾಗಿತ್ತು. ಒಂದು ರೀಫಿಲ್ಲಿಗೆ ಒಂದು ಪೆನ್ನಲ್ಲ, 200ಕ್ಕೂ ಹೆಚ್ಚು ರೀಫಿಲ್ಲಿಗೆ ಒಂದೇ ಪೆನ್ನು.

ಈಗ ಇಂಥ ಪೆನ್ನಿಗೆ ಮುಂಗಡ ಹಣ ಕೇಳುವವರೆಲ್ಲ ಈ ಸಂಖ್ಯೆಯನ್ನೇ ದಪ್ಪಕ್ಷರದಲ್ಲಿ ಹಾಕುತ್ತಾರೆ. ರೀಫಿಲ್ ಒಳಗೆ ಹೋಗುವುದು ಬೇರೆ, ಅದರಲ್ಲಿ ನೆಟ್ಟಗೆ ಬರೆಯಲು ಆಗುವುದು ಬೇರೆ. ಪೆನ್ನಿನ ಮೂತಿ ರೀಫಿಲ್ಲಿನ ಮೊನೆಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎನ್ನುವುದೊಂದೇ ನನಗೆ ಮುಖ್ಯ ಪ್ರಶ್ನೆ. ಉಳಿದದ್ದಕ್ಕೆಲ್ಲ ಏನಾದರೊಂದು ಉಪಾಯ ಮಾಡಿಕೊಳ್ಳಬಹುದು.

ನನ್ನ ಮೇಜಿನ ಮೇಲೆ ಮೂರು ಪೆನ್ನುಗಳಿವೆ. ಒಂದು ಟೈ ಆರ್ಟೊ, ಟೈಟೇನಿಯಂನದು. ಇನ್ನೊಂದು ಹಿತ್ತಾಳೆಯದು, ಬಂದೂಕಿನ ಬೋಲ್ಟ್ ಎಳೆದಂತೆ ಪಕ್ಕದ ಗುಬುಟನ್ನು ಸರಿಸಿದರೆ ಮೊನೆ ಹೊರಗೆ ಬರುತ್ತದೆ. ಮೂರನೆಯದು ಕಪ್ಪು ಆನೋಡೈಸ್ ಮಾಡಿದ ಅಲ್ಯೂಮಿನಿಯಂ ಪೆನ್ನು, ಹಿಂದೆ ಒಂದು ಸ್ಪ್ರಿಂಗ್ ಇಟ್ಟು ಯಾವ ಉದ್ದದ ರೀಫಿಲ್ಲನ್ನಾದರೂ ಮುಂದಕ್ಕೆ ತಳ್ಳುವಂತೆ ಮಾಡಿದ್ದು. ದುರಸ್ತಿ ಮಾಡಿದ್ದು ಈ ಮೂರನೆಯದನ್ನು. ಇದೂ ಕ್ರೌಡ್‌ಫಂಡಿಂಗ್‌ನಲ್ಲೇ ಬಂದದ್ದು, ಮಾಡಿದವರ ಹೆಸರು ಬೇಡ.

ಮೊದಲು ರೀಫಿಲ್ಲುಗಳ ಲೆಕ್ಕ

ಪೆನ್ನು ಬಿಚ್ಚುವ ಮೊದಲು ರೀಫಿಲ್ಲುಗಳನ್ನೆಲ್ಲ ವರ್ನಿಯರ್ ಹಿಡಿದು ಅಳೆದೆ. ಇಲ್ಲೊಂದು ಗೊಂದಲವನ್ನು ಆರಂಭದಲ್ಲೇ ಬಿಡಿಸಬೇಕು. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 12757ರಲ್ಲಿ 'ಜಿ2' ಎಂದರೆ ಪಾರ್ಕರ್ ಮಾದರಿಯ ರೀಫಿಲ್. 1954ರಲ್ಲಿ ಬಂದ ಪಾರ್ಕರ್ ಜಾಟರ್ ಪೆನ್ನಿನಿಂದ ಹೆಸರಾದ ಆಕಾರ ಅದು. ಪೈಲಟ್ ಕಂಪನಿ ಮಾರುವ 'ಜಿ2' ಬೇರೆಯೇ ಒಂದು ಜೆಲ್ ಪೆನ್ನು. ಹೆಸರು ಒಂದೇ, ಸಾಮಾನು ಬೇರೆ. ಪಾರ್ಕರ್ ಮಾದರಿ ಸುಮಾರು 98 ಮಿ.ಮೀ. ಉದ್ದ, ಪೈಲಟ್ ಜಿ2 ಸುಮಾರು 111 ಮಿ.ಮೀ. ಪೆನ್ನು ಕೊಳ್ಳುವಾಗ 'ಜಿ2 ಹಿಡಿಯುತ್ತದೆ' ಎಂದು ಬರೆದಿದ್ದರೆ ಯಾವ ಜಿ2 ಎಂದು ಕೇಳಿಯೇ ಮುಂದುವರಿಯಬೇಕು.

ಪಾರ್ಕರ್ ಮಾದರಿಯ ಗುಂಪು ದೊಡ್ಡದು. ಮಾಮೂಲಿ ಬಾಲ್‌ಪೆನ್ ರೀಫಿಲ್, ಷ್ಮಿಟ್ ಕಂಪನಿಯ ಈಸಿಫ್ಲೋ 9000, ಅದೇ ಕಂಪನಿಯ ಕ್ಯಾಪ್ ಬೇಕಿಲ್ಲದ ರೋಲರ್‌ಬಾಲ್ ಪಿ8126, ಹಿಂಬದಿಗೆ ಪ್ಲಾಸ್ಟಿಕ್ ಟೋಪಿ ಹಾಕಿದರೆ ಫಿಶರ್ ಸ್ಪೇಸ್ ಪೆನ್ನಿನ ರೀಫಿಲ್, ಎಲ್ಲವೂ ಇದರಲ್ಲಿ ಬರುತ್ತವೆ. ಉದ್ದನೆಯ ಜೆಲ್ ಗುಂಪಿನಲ್ಲಿ ಪೈಲಟ್ ಜಿ2, ಯೂನಿಬಾಲ್ ಸಿಗ್ನೊ 207ರ ಯುಎಂಆರ್-87, ಪೆಂಟೆಲ್ ಎನರ್ಜೆಲ್‌ನ ಎಲ್‌ಆರ್7 ಇವೆ. ಇವು ಉದ್ದದಲ್ಲಿ ಹತ್ತಿರ ಹತ್ತಿರ. ಮೂತಿಯ ಕಡೆಯ ಮೆಟ್ಟಿಲು, ಇಳಿಜಾರುಗಳು ಮಾತ್ರ ಒಂದೊಂದರದು ಒಂದೊಂದು ಥರ. ಡಿ1 ಎಂಬ ಚಿಕ್ಕ ಲೋಹದ ರೀಫಿಲ್ 67 ಮಿ.ಮೀ. ಉದ್ದ, 2.35 ಮಿ.ಮೀ. ದಪ್ಪ. ನಾಲ್ಕು ಬಣ್ಣದ ಪೆನ್ನುಗಳಿಗೆ ಅದು ಸರಿ, ಇಷ್ಟು ದಪ್ಪ ಪೆನ್ನಿನಲ್ಲಿ ಅಷ್ಟು ಕಡಿಮೆ ಶಾಯಿ ಇಟ್ಟುಕೊಂಡು ಏನು ಮಾಡುವುದು? ನಮ್ಮ ಶಾಲಾ ದಿನಗಳ ರೇನಾಲ್ಡ್ಸ್ 045ರ ಸಣ್ಣ ಕೊಳವೆಯ ರೀಫಿಲ್ ನನ್ನ ಮೂರು ಪೆನ್ನುಗಳಲ್ಲಿ ಯಾವುದಕ್ಕೂ ಹಾಗೆಯೇ ಹೊಂದುವುದಿಲ್ಲ. ಉದ್ದ ಜಾಸ್ತಿ, ಮೈ ತೀರ ಸಣ್ಣ.

ಹಿಡಿಯುವ ಮೂರು ರೀತಿ

ಹಿತ್ತಾಳೆಯ ಪೆನ್ನು ಹಿಡಿಯುವುದು ಪಾರ್ಕರ್ ಮಾದರಿಯನ್ನು ಮಾತ್ರ. ಬೋಲ್ಟ್ ಇರಲಿ, ಟಿಕ್-ಟಿಕ್ ಗುಂಡಿ ಇರಲಿ, ರೀಫಿಲ್ ಪ್ರತಿಸಲವೂ ಅಷ್ಟೇ ದೂರ ಮುಂದೆ ಬಂದು ಅಷ್ಟೇ ದೂರ ಹಿಂದೆ ಹೋಗಬೇಕು. ಹಾಗಾಗಿ ಅಂಥ ಪೆನ್ನಿಗೆ ಉದ್ದ ನಿಗದಿಯಾಗಿಯೇ ಇರಬೇಕು. ಇದನ್ನು ಕೊರತೆ ಎಂದು ನಾನು ನೋಡುವುದಿಲ್ಲ. ಒಂದೇ ಅಳತೆಗೆ ಕೊರೆದ ಮೂತಿಯಾದ್ದರಿಂದ ಈಸಿಫ್ಲೋ ಹಾಕಿದಾಗ ಮೊನೆ ಕೊಂಚವೂ ಮಿಸುಕುವುದಿಲ್ಲ.

ಟೈ ಆರ್ಟೊದ ಉಪಾಯ ಕಾಲೆಟ್. ಲೇತ್ ಕೆಲಸ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಸುತ್ತ ಸೀಳಿದ ಒಂದು ಬುಷ್ (ನಡುವೆ ತೂತಿರುವ ಸಣ್ಣ ಕೊಳವೆ), ಮೂತಿಯನ್ನು ತಿರುಗಿಸಿದಂತೆ ಒಳಗೆ ಒತ್ತಿಕೊಂಡು ರೀಫಿಲ್ಲಿನ ಮೊನೆಯನ್ನು ಎಲ್ಲ ಕಡೆಯಿಂದ ಅಪ್ಪಿ ಹಿಡಿಯುತ್ತದೆ. ಹಿಡಿತ ಮುಂದೆಯೇ ಇರುವುದರಿಂದ ಹಿಂಬದಿಯಲ್ಲಿ ಎಷ್ಟು ಜಾಗ ಖಾಲಿ ಬಿಟ್ಟರೂ ತೊಂದರೆಯಿಲ್ಲ. ಉದ್ದದ ಪ್ರಶ್ನೆಯನ್ನೂ ಅಲುಗಾಟದ ಪ್ರಶ್ನೆಯನ್ನೂ ಒಂದೇ ಭಾಗ ಬಗೆಹರಿಸಿಬಿಡುತ್ತದೆ. ಇದನ್ನು ಯೋಚಿಸಿದವರಿಗೆ ಮನಸಾರೆ ನಮಸ್ಕಾರ.

ಅಲ್ಯೂಮಿನಿಯಂ ಪೆನ್ನು ಮೂರನೆಯ ದಾರಿ ಹಿಡಿದಿದೆ. ಮೂತಿಯ ತೂತು ಎಲ್ಲ ಮೊನೆಗಳಿಗೂ ಸಾಲುವಷ್ಟು ಅಗಲ, ಹಿಂದಿನಿಂದ ಸ್ಪ್ರಿಂಗ್. ರೀಫಿಲ್ಲುಗಳ ಪಟ್ಟಿ ಉದ್ದವಾಗುವುದು ಹೀಗೆಯೇ. ತೊಂದರೆ ಹುಟ್ಟುವುದೂ ಇಲ್ಲಿಂದಲೇ. ತೂತು 2.7 ಮಿ.ಮೀ. ಇದೆ, ನಾನು ಹೆಚ್ಚು ಬಳಸುವ ರೀಫಿಲ್ಲಿನ ಮೊನೆ 2.4. ನಡುವೆ 0.3 ಮಿ.ಮೀ. ಸಡಿಲ. ಕಣ್ಣಿಗೆ ಇದು ಏನೂ ಅಲ್ಲ. ಆದರೆ 0.5ರ (ತುದಿಯ ಗುಂಡು 0.5 ಮಿ.ಮೀ. ಇರುವ) ಜೆಲ್ ಮೊನೆ ಕಾಗದದ ಮೇಲೆ ಎಳೆಯುವ ಗೆರೆಯೇ ಸುಮಾರು 0.3 ಮಿ.ಮೀ. ಅಗಲ. ಅಂದರೆ ಗೆರೆ ಎಷ್ಟು ದಪ್ಪವೋ ಮೊನೆಯೂ ಅಷ್ಟು ಅತ್ತಿತ್ತ ಸರಿಯುತ್ತದೆ.

ಕನ್ನಡ ಬರೆಯುವಾಗ ಇದು ಇನ್ನೂ ಬೇಗ ಗೊತ್ತಾಗುತ್ತದೆ. ನಮ್ಮ ಅಕ್ಷರಗಳಲ್ಲಿ ನೇರ ಗೆರೆ ಕಡಿಮೆ. ಕೈ ಸುತ್ತಿ ಬಂದು, ತಲಕಟ್ಟಿನಲ್ಲಿ ತಟ್ಟನೆ ದಿಕ್ಕು ಬದಲಿಸಿ, ಕೊಂಬಿನಲ್ಲಿ ಮತ್ತೆ ಹೊರಳುತ್ತದೆ. ದಿಕ್ಕು ಬದಲಾದಾಗಲೆಲ್ಲ ಸಡಿಲ ಮೊನೆ ತೂತಿನ ಒಂದು ಗೋಡೆ ಬಿಟ್ಟು ಇನ್ನೊಂದು ಗೋಡೆಗೆ ತಾಗುತ್ತದೆ, ಬೆರಳಿಗೆ 'ಟಿಕ್' ಎನ್ನಿಸುತ್ತದೆ. ಆಮೇಲೆ ಒತ್ತಕ್ಷರಗಳು. ಪರೀಕ್ಷೆಗೆ ನಾನು ಬರೆಯುವುದು ಸ್ವಾತಂತ್ರ್ಯ, ಜ್ಯೋತ್ಸ್ನೆ, ಉತ್ಪ್ರೇಕ್ಷೆ, ವಾತ್ಸ್ಯಾಯನ, ಆಮೇಲೆ ಒಂದು ಸಾಲು ಬರೀ ಠ ಮತ್ತು ಲ. 'ತ್ಸ್ನೆ'ಯಲ್ಲಿ ಎರಡು ಒತ್ತು ಒಂದರ ಕೆಳಗೊಂದು ಇಳಿಯಬೇಕು, ಅದೂ ಮುಂದಿನ ಸಾಲಿಗೆ ತಾಗದಂತೆ. ಟೈ ಆರ್ಟೊದಲ್ಲಿ 0.5ರ ರೀಫಿಲ್ ಇದನ್ನು ಸಲೀಸಾಗಿ ಬರೆಯಿತು. ಅದೇ ರೀಫಿಲ್ ಅಲ್ಯೂಮಿನಿಯಂ ಪೆನ್ನಿನಲ್ಲಿ ಒತ್ತುಗಳನ್ನು ಕಲಸಿಹಾಕಿತು. ರೀಫಿಲ್ ಅದೇ, ಕಾಗದ ಅದೇ, ಕೈಯೂ ಅದೇ. ದೋಷ ಮೂತಿಯದೇ ಎಂದು ಖಚಿತವಾದದ್ದು ಹೀಗೆ. ಬಾಲ್‌ಪೆನ್ ರೀಫಿಲ್ಲಿನಲ್ಲಿ ಕೈ ಹೆಚ್ಚು ಒತ್ತುವುದರಿಂದ ಮೊನೆ ಒಂದು ಗೋಡೆಗೆ ಒರಗಿಕೊಂಡೇ ಇರುತ್ತದೆ, ಅಲುಗಾಟ ಅಷ್ಟಾಗಿ ತಿಳಿಯುವುದಿಲ್ಲ. ಹಗುರವಾಗಿ ಬರೆಯುವ ಜೆಲ್ಲಿನಲ್ಲಿ ಅದು ಮುಚ್ಚಿಕೊಳ್ಳುವುದಿಲ್ಲ.

ಈ ಪೆನ್ನಿನಲ್ಲಿ ಇನ್ನೊಂದು ದೋಷವೂ ಇತ್ತು. ಹಿಂದಿನ ಸ್ಪ್ರಿಂಗ್ ಮೆತ್ತಗೆ, ಒತ್ತಿ ಬರೆದರೆ ರೀಫಿಲ್ಲೇ ಕೂದಲೆಳೆಯಷ್ಟು ಒಳಗೆ ಹೋಗುತ್ತಿತ್ತು.

ತೂಕ, ಥ್ರೆಡ್

ಲೋಹದ ಬಗ್ಗೆ ಎರಡು ಮಾತು ಸಾಕು. ಸಾಂದ್ರತೆ (ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ) ಅಲ್ಯೂಮಿನಿಯಂಗೆ 2.7, ಪೆನ್ನುಗಳಲ್ಲಿ ಬಳಸುವ ಗ್ರೇಡ್ 5 ಟೈಟೇನಿಯಂಗೆ 4.43, ಹಿತ್ತಾಳೆಗೆ ಸುಮಾರು 8.5. ಅಲ್ಯೂಮಿನಿಯಂನಲ್ಲಿ 20 ಗ್ರಾಂ ತೂಗುವ ಪೆನ್ನು ಅದೇ ಅಳತೆಯಲ್ಲಿ ಟೈಟೇನಿಯಂ ಆದರೆ 33 ಗ್ರಾಂ, ಹಿತ್ತಾಳೆಯಾದರೆ 63 ಗ್ರಾಂ ಆಗುತ್ತದೆ. ಚೆಕ್ಕಿಗೆ ಸಹಿ ಹಾಕಲು 63 ಗ್ರಾಂ ಹಿತವೇ. ನಾಲ್ಕು ಪುಟ ಬರೆಯಲು ನನ್ನ ಬೆರಳು ಒಪ್ಪುವುದಿಲ್ಲ. ಹಿತ್ತಾಳೆ ಬೆವರಿಗೆ ಕಪ್ಪಾಗುತ್ತದೆ, ಕೈಗೆ ವಾಸನೆ ಹಿಡಿಯುತ್ತದೆ. ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಮತ್ತೆ ಹೊಳೆಯುತ್ತದೆ, ಆದರೆ ಒಳಗಿನ ಸ್ಪ್ರಿಂಗ್ ತೆಗೆದಿಟ್ಟು, ತೊಳೆದು ಪೂರಾ ಒಣಗಿಸಿಯೇ ಜೋಡಿಸಬೇಕು. ಟೈಟೇನಿಯಂ ಥ್ರೆಡ್ಡಿಗೆ ಟೈಟೇನಿಯಂ ಥ್ರೆಡ್ ಉಜ್ಜಿದರೆ ಮರಳು ಸಿಕ್ಕಿದಂತೆ ಕರಕರ ಎನ್ನುತ್ತದೆ, ಬಿಗಿಯಾಗಿ ತಿರುಗಿಸುತ್ತ ಹೋದರೆ ಒಂದಕ್ಕೊಂದು ಕಚ್ಚಿಕೊಳ್ಳುವುದೂ ಉಂಟು. ಅಲ್ಲಿ ಸಾಸಿವೆಕಾಳಿನಷ್ಟು ಸಿಲಿಕೋನ್ ಗ್ರೀಸ್ ಸಾಕು.

ದುರಸ್ತಿ

ಸುಲಭದ ಉಪಾಯಗಳನ್ನೇ ಮೊದಲು ನೋಡಿದೆ. ಮೊನೆಯ ಬುಡಕ್ಕೆ ತೆಳು ಟೇಪನ್ನು ಒಂದು ಸುತ್ತು ಸುತ್ತಿದರೆ ಅಲುಗಾಟ ಕೂಡಲೇ ನಿಲ್ಲುತ್ತದೆ. ರೀಫಿಲ್ ಬದಲಿಸಿದಾಗಲೆಲ್ಲ ಮತ್ತೆ ಸುತ್ತಬೇಕು, ಬಿಸಿಲಿಗೆ ಅಂಟು ಜಾರುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಟ್ಯೂಬ್ ಇದಕ್ಕಿಂತ ಅಚ್ಚುಕಟ್ಟು, ಆದರೆ ಅದನ್ನು ಬಿಸಿ ಮಾಡುವಾಗ ರೀಫಿಲ್ಲಿನ ಶಾಯಿಯೂ ಕಾಯುತ್ತದೆ. ಜೋಡಿಸಿ ಮರೆತುಬಿಡುವಂಥದ್ದು ನನಗೆ ಬೇಕಿತ್ತು. ಟೈ ಆರ್ಟೊವನ್ನು ನೋಡಿ ನೋಡಿ ಹೊಳೆದದ್ದೂ ಅದೇ: ಈ ಪೆನ್ನಿಗೂ ಒಂದು ಸಣ್ಣ ಕಾಲೆಟ್ ಹಾಕಿಸಿದರೆ ಹೇಗೆ?

ಪೀಣ್ಯದಲ್ಲಿ ಸಣ್ಣ ಲೇತ್ ಶಾಪುಗಳು ಬೇಕಾದಷ್ಟಿವೆ. ಒಂದೆರಡು ಪೀಸಿನ ಕೆಲಸ ಹಿಡಿಯುವವರು ಕಡಿಮೆ. ನನಗೆ ಸಿಕ್ಕ ಟರ್ನರ್ ಮೂತಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು.

"ಏನ್ ಸಾರ್, ಒಂದು ಪೆನ್ನಿಗೆ ಕಾಲೆಟ್ಟಾ?"

"ಮೊನೆ ಅಲ್ಲಾಡಬಾರದು ಅಷ್ಟೇ. ರೀಫಿಲ್ ಬೇರೆ ಬೇರೆ ಹಾಕ್ತೀನಿ."

"ಹಿತ್ತಾಳೆ ಬೇಡ ಬಿಡಿ. ಡೆಲ್ರಿನ್ ಹಾಕೋಣ. ಜಾರುತ್ತೆ, ಬಗ್ಗುತ್ತೆ, ರೀಫಿಲ್ಲಿಗೂ ಗೀರು ಬೀಳಲ್ಲ."

ಆ ಮಾತು ನೂರಕ್ಕೆ ನೂರು ಸರಿ. ಡೆಲ್ರಿನ್ ಗಟ್ಟಿ ಪ್ಲಾಸ್ಟಿಕ್, ಲೇತಿನಲ್ಲಿ ಚೆನ್ನಾಗಿ ಕತ್ತರಿಸಲು ಬರುತ್ತದೆ, ಬಗ್ಗಿಸಿ ಬಿಟ್ಟರೆ ಮೊದಲಿನ ಆಕಾರಕ್ಕೇ ಮರಳುತ್ತದೆ.

ಕೋನ ಎಷ್ಟಿರಬೇಕು ಎಂಬುದಕ್ಕೆ ಕೂತು ಲೆಕ್ಕ ಹಾಕಿದೆವು. ಮಿಲ್ಲಿಂಗ್ ಮಷೀನಿನಲ್ಲಿ ಬಳಸುವ ಇಆರ್ ಕಾಲೆಟ್ಟಿನ ಇಳಿಜಾರು ಒಂದು ಬದಿಗೆ 8 ಡಿಗ್ರಿ. ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಬಿಡಿಸಲು ನಟ್ಟೇ ಅದನ್ನು ಎಳೆಯಬೇಕು. ನಮಗೆ ಬೇಕಾದದ್ದು ಮೂತಿ ಬಿಚ್ಚಿದ ಕೂಡಲೇ ಸಡಿಲವಾಗುವ ಹಿಡಿತ. ಹಾಗಾಗಿ ಬದಿಗೆ 15 ಡಿಗ್ರಿ ಇಟ್ಟೆವು. 15 ಡಿಗ್ರಿಯಲ್ಲಿ ಬುಷ್ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ ಮುಂದೆ ಸರಿದರೆ ಅದರ ತೂತು 0.3 ಮಿ.ಮೀ. ಕಿರಿದಾಗುತ್ತದೆ. ಅಷ್ಟು ಸಾಕು. 2.6ಕ್ಕೆ ಕೊರೆದ ಬುಷ್ 2.3ರವರೆಗೆ ಮುಚ್ಚಿಕೊಂಡರೆ ನಾನು ಬಳಸುವ ಪಾರ್ಕರ್ ಮಾದರಿಯ ಮೊನೆಗಳೂ ಉದ್ದನೆಯ ಜೆಲ್ ಮೊನೆಗಳೂ ಅದರೊಳಗೆ ಬರುತ್ತವೆ.

ಮೂತಿಯನ್ನು ಲೇತಿನ ಚಕ್ಕಿಗೆ (ಕೆಲಸದ ತುಂಡನ್ನು ಹಿಡಿಯುವ ಭಾಗ) ಕಟ್ಟುವಾಗ ಮೈಗೆ ಗೀರಾಗದಂತೆ ಸುತ್ತ ತಾಮ್ರದ ತಗಡು ಇಟ್ಟರು. ಟೂಲನ್ನು ಓರೆಯಾಗಿ ಸರಿಸುವ ಕಾಂಪೌಂಡ್ ಸ್ಲೈಡನ್ನು 15 ಡಿಗ್ರಿಗೆ ತಿರುಗಿಸಿ, ಚಿಕ್ಕ ಬೋರಿಂಗ್ ಟೂಲಿನಿಂದ ಒಳಗೆ ಇಳಿಜಾರು ತೆಗೆದರು. ಆನೋಡೈಸ್ ಪದರ ಅಲ್ಯೂಮಿನಿಯಂ ಆಕ್ಸೈಡ್, ತೆಳುವಾದರೂ ತುಂಬ ಗಡಸು. ಮೊದಲ ಕತ್ತರಿಕೆಯಲ್ಲೇ ಅದನ್ನು ದಾಟಿ ಕೆಳಗಿನ ಮೆತ್ತನೆ ಲೋಹಕ್ಕೆ ಇಳಿಯಬೇಕು, ಮೇಲೆ ಮೇಲೆ ಉಜ್ಜಿದರೆ ಟೂಲಿನ ಅಂಚು ಹೋಗುತ್ತದೆ. ಮೂತಿಯ ಗೋಡೆ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನು ಮಧ್ಯೆ ಮಧ್ಯೆ ನಿಲ್ಲಿಸಿ ನೋಡಿದರು. ತೀರ ತೆಳುವಾದರೆ ಪೆನ್ನು ಕೆಳಗೆ ಬಿದ್ದಾಗ ಮೂತಿ ನೆಗ್ಗುತ್ತದೆ.

ಬುಷ್ಷಿಗೆ ಸೀಳು ಹಾಕುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಅಕ್ಕಸಾಲಿಗರ ಗರಗಸದ ತೆಳು ಬ್ಲೇಡು, ಮೂರು ಸೀಳು, ಸಮದೂರದಲ್ಲಿ, ಉದ್ದದ ಮುಕ್ಕಾಲಿನವರೆಗೆ. ಪೂರಾ ಸೀಳಿದರೆ ಮೂರು ತುಂಡಾಗುತ್ತದೆ, ಕಮ್ಮಿ ಸೀಳಿದರೆ ಬಗ್ಗುವುದಿಲ್ಲ. ಬೇರಿಂಗಿನ ಉಕ್ಕಿನ ಕಡ್ಡಿಯೊಂದನ್ನು ತೂತಿಗೆ ಹಾಕಿಕೊಂಡೇ ಸೀಳಿದ್ದರಿಂದ ಬುಷ್ ಕೈಯಲ್ಲಿ ಒತ್ತಿ ಓರೆಯಾಗಲಿಲ್ಲ. ಸೀಳುವಾಗ ಅಂಚಿನಲ್ಲಿ ಎದ್ದ ಚಿಕ್ಕ ಚಿಕ್ಕ ಎಳೆಗಳಾದ ಬರ್‌ಗಳನ್ನು ಬ್ಲೇಡಿನಿಂದ ತೆಗೆದದ್ದು ಮನೆಯಲ್ಲಿ, ಭೂತಗನ್ನಡಿ ಹಿಡಿದು.

ಇನ್ನು ಹಿಂಬದಿ. ಸ್ಪ್ರಿಂಗನ್ನು ಪೂರ್ತಿ ತೆಗೆದು, ಅಲ್ಲಿ ಖಾಲಿ ಉದ್ದ ತುಂಬಲು ಡೆಲ್ರಿನ್ ಸ್ಪೇಸರ್ ಮತ್ತು ಒಂದು ಸಿಲಿಕೋನ್ ಓ-ರಿಂಗ್ ಇಟ್ಟೆ. ಉದ್ದನೆಯ ಜೆಲ್ ಗುಂಪಿಗೆ ಬರೀ ಓ-ರಿಂಗ್. ಪಾರ್ಕರ್ ಮಾದರಿಗೆ 111ರಿಂದ 98 ಕಳೆದು 13 ಮಿ.ಮೀ. ಸ್ಪೇಸರ್. ಮೂತಿಯನ್ನು ತಿರುಗಿಸಿ ಬಿಗಿ ಮಾಡಿದಾಗ ಓ-ರಿಂಗ್ ಒತ್ತಿಕೊಂಡು ರೀಫಿಲ್ಲನ್ನು ಮುಂದೆ ತಳ್ಳುತ್ತದೆ. ರೀಫಿಲ್ಲಿನ ಭುಜ ಬುಷ್ಷನ್ನು ಇಳಿಜಾರಿನೊಳಗೆ ನೂಕುತ್ತದೆ. ಬುಷ್ ಮುಚ್ಚಿಕೊಂಡು ಮೊನೆಯನ್ನು ಹಿಡಿಯುತ್ತದೆ. ಗುಂಪಿನ ಒಳಗಿನ ಸಣ್ಣಪುಟ್ಟ ಉದ್ದದ ವ್ಯತ್ಯಾಸವನ್ನು ಓ-ರಿಂಗೇ ನುಂಗಿಕೊಳ್ಳುತ್ತದೆ.

ಗಾಳಿಯ ದಾರಿ

ಸ್ಪೇಸರಿನ ನಡುವೆ ಆರಪಾರ 3 ಮಿ.ಮೀ. ತೂತು ಇರಲೇಬೇಕು. ಜೆಲ್ ರೀಫಿಲ್ಲಿನ ಹಿಂಬದಿ ತೆರೆದಿರುತ್ತದೆ. ಶಾಯಿಯ ಹಿಂದೆ ಒಂದು ತುಣುಕು ಗ್ರೀಸ್ ಇದ್ದು, ಶಾಯಿ ಖರ್ಚಾದಂತೆ ಅದು ಹಿಂದೆಯೇ ಸರಿದುಬರುತ್ತದೆ. ಅದು ಸರಿಯಬೇಕಾದರೆ ಹಿಂದಿನಿಂದ ಗಾಳಿ ಬರಬೇಕು. ಈ ಮಾತು ಎಷ್ಟು ನಿಜ ಎಂದು ನೋಡಲೆಂದೇ ಒಂದು ಹೊಸ ರೀಫಿಲ್ಲಿನ ಹಿಂಬದಿಯನ್ನು ಟೇಪಿನಿಂದ ಬಿಗಿಯಾಗಿ ಮುಚ್ಚಿ ಬರೆದೆ. ಮೊದಲ ಸಾಲುಗಳು ಚೆನ್ನಾಗಿಯೇ ಬಂದವು. ಆಮೇಲೆ ಗೆರೆ ತೆಳುವಾಗುತ್ತ ಬಂದು ನಿಂತುಹೋಯಿತು. ಟೇಪು ಕಿತ್ತ ಮೇಲೆ ಮತ್ತೆ ಶಾಯಿ ಬಂತು. ಪೆನ್ಸಿಲ್ ರಬ್ಬರಿನ ಚೂರನ್ನು ಸ್ಪೇಸರಾಗಿ ತುರುಕಿ, 'ಈ ಪೆನ್ನಿನಲ್ಲಿ ಜೆಲ್ ಬರೆಯುವುದಿಲ್ಲ' ಎನ್ನುವವರ ಪೆನ್ನುಗಳಲ್ಲಿ ಆಗಿರುವುದು ಬಹುಶಃ ಇದೇ.

ಫಿಶರ್ ರೀಫಿಲ್ಲಿಗೆ ಈ ಚಿಂತೆಯಿಲ್ಲ. ಪಾಲ್ ಫಿಶರ್ ರೂಪಿಸಿದ ಆ ರೀಫಿಲ್ಲಿನಲ್ಲಿ ಪ್ರತಿ ಚದರ ಇಂಚಿಗೆ ಸುಮಾರು 35 ಪೌಂಡ್ ಒತ್ತಡದಲ್ಲಿ ನೈಟ್ರೋಜನ್ ತುಂಬಿ ಮುಚ್ಚಿರುತ್ತಾರೆ. 1968ರಲ್ಲಿ ಅಪೋಲೊ 7ರ ಜೊತೆ ಅಂತರಿಕ್ಷಕ್ಕೆ ಹೋದದ್ದು ಅದೇ ಪೆನ್ನು. ಹಿಂಬದಿ ಮುಚ್ಚಿದರೂ, ತಲೆಕೆಳಗೆ ಹಿಡಿದರೂ ಅದು ಬರೆಯುತ್ತದೆ. ಹಾಗೆಂದು ಅದನ್ನು ಉದ್ದ ಸಾಲದೆಂದೋ ಹೆಚ್ಚೆಂದೋ ಕತ್ತರಿಸಲು ಹೋಗಬಾರದು. ಪ್ಲಾಸ್ಟಿಕ್ ಜೆಲ್ ರೀಫಿಲ್ಲಿನ ಬಾಲವನ್ನು ಬೇಕಾದರೆ ಬ್ಲೇಡಿನಿಂದ ಸ್ವಲ್ಪ ಕತ್ತರಿಸಬಹುದು, ಅದೂ ಗ್ರೀಸಿನಿಂದ ಹಿಂದಿರುವ ಖಾಲಿ ಭಾಗವನ್ನು ಮಾತ್ರ.

ದುರಸ್ತಿಯಾದ ಮೇಲೆ

ಬುಷ್ ಹಾಕಿ ಅದೇ ರೀಫಿಲ್, ಅದೇ ಕಾಗದ, ಅದೇ ಪದಗಳು. ತಲಕಟ್ಟಿನ ಹತ್ತಿರ 'ಟಿಕ್' ಎನ್ನುತ್ತಿದ್ದದ್ದು ನಿಂತಿದೆ. ಜ್ಯೋತ್ಸ್ನೆಯ ನ-ಒತ್ತು ಸ-ಒತ್ತಿನ ಕೆಳಗೆ ಬಿಡಿಯಾಗಿ ಕಾಣುತ್ತಿದೆ. ಒತ್ತಿ ಬರೆದರೂ ರೀಫಿಲ್ ಒಳಗೆ ಸರಿಯುತ್ತಿಲ್ಲ. ಜಿ2, ಯುಎಂಆರ್-87, ಈಸಿಫ್ಲೋ, ಫಿಶರ್, ನಾಲ್ಕೂ ಗಟ್ಟಿಯಾಗಿ ಕೂತಿವೆ. ಬರವಣಿಗೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಯುಎಂಆರ್-87, ಒತ್ತಕ್ಷರಕ್ಕೆ ಅದರ ಕಪ್ಪು ಚೆನ್ನ. ಎಡಗೈಯಲ್ಲಿ ಬರೆಯುವ ನನ್ನ ಅಕ್ಕನಿಗೆ ಎನರ್ಜೆಲ್, ಅದು ಬೇಗ ಒಣಗುತ್ತದೆ, ಕೈಗೆ ಮೆತ್ತುವುದಿಲ್ಲ.

ಸೂಜಿಮೊನೆಯ ರೀಫಿಲ್ಲುಗಳನ್ನು ಈ ಬುಷ್ ಹಿಡಿಯುವುದಿಲ್ಲ. ಅವುಗಳ ಮೊನೆ ಇನ್ನೂ ಸಪೂರ, 2.3ಕ್ಕಿಂತ ಕೆಳಗೆ ಮುಚ್ಚಲು ಹೋದರೆ ಮೂರು ಎಸಳುಗಳೂ ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಅದಕ್ಕೆ ಸಣ್ಣ ತೂತಿನ ಎರಡನೆಯ ಬುಷ್ ಬೇಕು; ಮೂತಿಯ ಇಳಿಜಾರು ಅದೇ ಆದ್ದರಿಂದ ಹೊರಗಿನ ಅಳತೆ ಬದಲಾಗುವುದಿಲ್ಲ. ಟರ್ನರ್ ಡೆಲ್ರಿನ್ ರಾಡಿನ ಉಳಿದ ತುಂಡನ್ನು ಎತ್ತಿಟ್ಟಿದ್ದಾರೆ.

ಇಂಥ ಪೆನ್ನಿಗೆ ಮುಂಗಡ ಕೊಡಬೇಕೆಂದಿರುವವರು ಮಾಡುವವರನ್ನು ಕೆಲವು ಪ್ರಶ್ನೆ ಕೇಳಿ. ಮೂತಿಯನ್ನು ಉದ್ದಕ್ಕೆ ಸೀಳಿದ ಚಿತ್ರ ಇದೆಯೇ? ತೂತಿನ ವ್ಯಾಸ ಎಷ್ಟು, ಯಾವ ರೀಫಿಲ್ಲಿಗೆ ಎಷ್ಟು ಸಡಿಲ ಬರುತ್ತದೆ? ಉದ್ದವನ್ನು ಹೊಂದಿಸುವುದು ಸ್ಪ್ರಿಂಗೋ, ಸ್ಪೇಸರೋ, ಮೂತಿಯ ಹಿಡಿತವೋ? ಸ್ಪೇಸರ್ ಆದರೆ ಅದರಲ್ಲಿ ಗಾಳಿಗೆ ದಾರಿ ಇದೆಯೇ? ಮೂತಿ ಬಿಚ್ಚಲು ಬರುತ್ತದೆಯೇ, ಬಿಡಿಯಾಗಿ ಸಿಗುತ್ತದೆಯೇ? ಬಿಚ್ಚಲು ಬರದ ಮೂತಿಯಾದರೆ ನಾನು ಮಾಡಿಸಿದಂಥ ದುರಸ್ತಿಗೆ ಜಾಗವೇ ಇರುವುದಿಲ್ಲ. ಸಡಿಲ 0.1 ಮಿ.ಮೀ. ಒಳಗಿದ್ದರೆ ಧೈರ್ಯವಾಗಿ ಕೊಳ್ಳಿ, 0.2 ಆದರೆ ಬಾಲ್‌ಪೆನ್ ರೀಫಿಲ್ಲಿಗೆ ಅಡ್ಡಿಯಿಲ್ಲ, 0.5ರ ಜೆಲ್ಲಿಗೆ ಬೇಡ.